ರಕ್ತದ ಆಮ್ಲತೆಯನ್ನು ಗಣಿಸಿದ ಲಾರೆನ್ಸ್ ಹೆಂಡರ್ಸನ್

ಲಾರೆನ್ಸ್ ಜೋಸೆಫ್ ಹೆಂಡರ್ಸನ್ನರು 1878ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಲಿನ್ ಪಟ್ಟಣದಲ್ಲಿ ಜನಿಸಿದರು. 1902ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದರೂ ವೈದ್ಯವೃತ್ತಿಯನ್ನು ಕೈಕೊಳ್ಳದೆ ಜೀವರಸಾಯನದ ಅಧ್ಯಯನಕ್ಕೆ ತೊಡಗಿದರು.

ದೇಹದಲ್ಲಿ ಅನವರತವೂ ಆಮ್ಲ ಉತ್ಪನ್ನವಾಗುತ್ತಿದ್ದರೂ ರಕ್ತವು ಆಮ್ಲೀಯವಾಗದಿರುವುದೇಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ರಕ್ತದಲ್ಲಿ ಕಾರ್ಬಾನಿಕ್ ಆಮ್ಲವೆಂಬ ದುರ್ಬಲ ಆಮ್ಲವೂ ಅದರ ಲವಣವಾದ ಬೈಕಾರ್ಬೊನೇಟೂ ಜೊತೆಗೂಡಿವೆ. ಹೊಸದಾಗಿ ಬಂದು ಸೇರಿದ ಆಮ್ಲವನ್ನು ಲವಣವು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಇಂತಹ ಬಫರ್ ದ್ರಾವಣದ ಆಮ್ಲತೆಯು ಈ ಎರಡರ ಅನುಪಾತವನ್ನು ಅವಲಂಬಿಸಿದೆಯೆಂದು ಹೆಂಡರ್ಸನ್ನರು 1908ರಲ್ಲಿ ಸಮೀಕರಣರೂಪದಲ್ಲಿ ತೋರಿಸಿದರು. ಪಿಎಚ್ ಎಂಬ ಮಾನ ಆಗಿನ್ನೂ ಹುಟ್ಟಿರಲಿಲ್ಲ. ಅದನ್ನು ಮರುವರ್ಷ ಡೆನ್ಮಾರ್ಕಿನ ಸೋರೆನ್‌ಸೆನ್ನರು ಕೊಟ್ಟರು. ಅದೇ ದೇಶದ ಹ್ಯಾಸೆಲ್‌ಬಾಲ್ಕರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಮೀಕರಣವನ್ನು ಲಘುಗಣಕಕ್ಕೆ ಅಳವಡಿಸಿದರು.

ಲೆಕ್ಕ ನಮ್ಮ ಪ್ರೌಢಶಾಲೆಯ ಬಾಲಕನಿಗೂ ನಿಲುಕುವಂಥದು. ರಕ್ತದಲ್ಲಿ ಈ ಆಮ್ಲದ ಪಿಕೆ, ಅಂದರೆ ಅದರ ದುರ್ಬಲತೆಯನ್ನು ಸೂಚಿಸುವ ಸಂಖ್ಯೆ, 6.1. ಲವಣವು ಆಮ್ಲದ 20ರಷ್ಟಿದೆ. 20ರ ಲಘುಗಣಕ 1.3. ಎರಡನ್ನೂ ಕೂಡಿಸಿದರೆ 7.4, ಆರೋಗ್ಯವಂತನ ರಕ್ತದ ಪಿಎಚ್. ಲವಣ ಅರ್ಧಕ್ಕಿಳಿದು ಆಮ್ಲ ಹಾಗೆಯೇ ಉಳಿದರೆ ಪಿಎಚ್ 7.1 ಆಗುತ್ತದೆ. ಇಳಿದದ್ದು 0.3 ಮಾತ್ರವೆಂದು ತೋರಬಹುದು. ಆದರೆ ಆಮ್ಲತೆ ಇಮ್ಮಡಿಸಿ ಪ್ರಾಣಕ್ಕೇ ಸಂಚಕಾರ ಬಂದಿರುತ್ತದೆ. ಮಧುಮೇಹ ವಿಷಮಿಸಿ ರಕ್ತದಲ್ಲಿ ಆಮ್ಲ ಹೆಚ್ಚಿದಾಗ ರೋಗಿಯು ಆಳವಾಗಿ ಏದುಸಿರು ಬಿಡುವುದು ಇದಕ್ಕಾಗಿಯೇ: ಇಂಗಾಲದ ಡೈಆಕ್ಸೈಡು ಹೊರಹೋದಷ್ಟೂ ಕಾರ್ಬಾನಿಕ್ ಆಮ್ಲ ತಗ್ಗಿ, ಅನುಪಾತ ಪುನಃ 20ರತ್ತ ಸರಿಯುತ್ತದೆ.

1928ರಲ್ಲಿ ರಕ್ತವನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದ ಹೆಂಡರ್ಸನ್ನರು 1942ರಲ್ಲಿ ನಿಧನರಾದರು. ಇಂದು ಆಸ್ಪತ್ರೆಗಳಲ್ಲಿ ರಕ್ತವನ್ನು ಪರೀಕ್ಷಿಸುವ ಯಂತ್ರಗಳು ಬೈಕಾರ್ಬೊನೇಟಿನ ಪ್ರಮಾಣವನ್ನು ಗಣಿಸುವುದು ಈ ಸಮೀಕರಣದಿಂದಲೇ.