ಕವಿಶಿಷ್ಯ ಪಂಜೆ ಮಂಗೇಶರಾಯರು

ನೇತ್ರಾವತಿ ನದಿಯ ದಡದಲ್ಲಿರುವ ಬಂಟ್ವಾಳವು ದಕ್ಷಿಣ ಕನ್ನಡ ಜಿಲ್ಲೆಯ ಹಳೆಯ ಊರುಗಳಲ್ಲಿ ಒಂದು. ಅಲ್ಲಿ 1874ನೆಯ ಇಸವಿ ಫೆಬ್ರವರಿ 22ರಂದು ಮಂಗೇಶರಾಯರು ಜನಿಸಿದರು. ಅವರ ಹಿರಿಯರು ಪಂಜ ಎಂಬ ಗ್ರಾಮದ ಮೂಲದವರಾದುದರಿಂದ ಪಂಜೆ ಎಂಬುದು ಮನೆತನದ ಹೆಸರಾಗಿ ಉಳಿಯಿತು. ಮನೆಯಲ್ಲಿ ಆಡುವ ಮಾತು ಕೊಂಕಣಿ, ಬೀದಿಗಿಳಿದರೆ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಮುಂದೆ ಕನ್ನಡ ಮಕ್ಕಳ ನಾಲಗೆಯ ಮೇಲೆ ನಲಿದಾಡುವ ಹಾಡುಗಳನ್ನು ಕಟ್ಟಿದ ಕವಿಯು ಕನ್ನಡವನ್ನು ಹೀಗೆ ಮೂರನೆಯ ಮೆಟ್ಟಿಲಿನಲ್ಲಿ ನಿಂತು ಕಲಿತವರು ಎಂಬುದನ್ನು ನಾವು ಮರೆಯಬಾರದು.

ಮನೆಮಾತು ಬೇರೆಯಾದ ಮಗುವಿಗೆ ಶಾಲೆಯ ಭಾಷೆಯಲ್ಲಿ ಕಠಿಣವಾಗುವುದು ಯಾವುದು? ಶಬ್ದಗಳ ಅರ್ಥವನ್ನು ಬಾಯಿಪಾಠ ಮಾಡಬಹುದು. ಆದರೆ ಬಾಲ ಬಿಚ್ಚಬೇಡವೆಂದು ಗುರುಗಳು ಗದರಿಸಿದಾಗ, ತನಗೆ ಬಾಲವೆಲ್ಲಿದೆ ಎಂದು ಆ ಮಗು ಬೆರಗಾಗಿ ನೋಡುತ್ತದೆ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವನ ಕಥೆ ಕೇಳಿದರೆ ಅವನಿಗೆ ಜ್ವರ ಬಂದಿರಬೇಕೆಂದು ಭಾವಿಸುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವ ಈ ಮಾತಿನ ಬಗೆಯೇ ಕಾವ್ಯದ ಬಾಗಿಲು. ಎಳೆಯರು ಎಡವುವುದೂ ಅದೇ ಹೊಸ್ತಿಲಿನಲ್ಲಿ. ಪಂಜೆಯವರ ಜೀವನದ ಬಹುಭಾಗವು ಮಕ್ಕಳನ್ನು ಆ ಹೊಸ್ತಿಲು ದಾಟಿಸುವುದರಲ್ಲಿ ಕಳೆಯಿತು.

ಅವರ ಬಾಲ್ಯವು ಸುಖದ್ದಾಗಿರಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ತಂದೆಯವರನ್ನು ಕಳೆದುಕೊಂಡು, ಬಡತನದಲ್ಲಿ ಸಂಸಾರದ ಹೊಣೆಯನ್ನು ಹೊತ್ತು, ಮಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು. 1896ರಲ್ಲಿ ಅಲ್ಲಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆ ದೊರೆಯಿತು. ಕೆಲಸದಲ್ಲಿದ್ದುಕೊಂಡೇ ಬಿ.ಎ. ಪದವಿಯನ್ನೂ ಉಪಾಧ್ಯಾಯ ವೃತ್ತಿಯ ಎಲ್.ಟಿ. ಪರೀಕ್ಷೆಯನ್ನೂ ಮುಗಿಸಿದರು. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರರಾದರು.

ಅಂದಿನ ಇನ್‌ಸ್ಪೆಕ್ಟರ್ ಎಂದರೆ ಏನೆಂಬುದು ಇಂದಿನ ವಿದ್ಯಾರ್ಥಿಗಳಿಗೆ ಊಹಿಸುವುದು ಕಷ್ಟ. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಖಾಸಗಿ ಶಾಲೆಗೆ ಸಿಗುವ ಸಹಾಯಧನವು ಅವರ ವರದಿಯನ್ನು ಅವಲಂಬಿಸಿತ್ತು. ಅವರು ಬರುವ ದಿನ ಗುರುಗಳ ಎದೆ ಡವಗುಟ್ಟುತ್ತಿತ್ತು. ಮಕ್ಕಳು ಪದ್ಯದ ಅನ್ವಯವನ್ನೂ ಶಬ್ದಾರ್ಥವನ್ನೂ ಗಿಳಿಗಳಂತೆ ಒಪ್ಪಿಸಿ ಉಸಿರು ಬಿಡುತ್ತಿದ್ದರು. ಹಳಗನ್ನಡದ ಪದ್ಯವು ಎಳೆಯರಿಗೆ ಅರ್ಥವಾಯಿತೇ ಎಂದು ಕೇಳುವವರಿರಲಿಲ್ಲ. ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ನೀವು ಇಂದು ವ್ಯಾಕರಣದ ಗಂಟೆಯಲ್ಲಿ ಬಿಡಿಸುವ ನಾಲ್ಕು ಅಂಗಗಳನ್ನು, ಉಪಮೆಯ ಸವಿಯನ್ನು ಎಂದೂ ಉಣ್ಣದ ಬಾಲಕರು ಉರು ಹೊಡೆಯಬೇಕಾಗಿತ್ತು. ಹಣ್ಣನ್ನು ತೋರಿಸದೆ ಬೀಜದ ಲೆಕ್ಕವನ್ನು ಕೇಳುವ ಪಾಠಕ್ರಮವದು.

ಪಂಜೆಯವರು ಇಂಥ ಶಾಲೆಗಳಿಗೆ ಹೋದಾಗ ಕುರ್ಚಿಯಲ್ಲಿ ಕುಳಿತು ವರದಿ ಬರೆಯುವುದಷ್ಟಕ್ಕೇ ನಿಲ್ಲಲಿಲ್ಲ. ಮಕ್ಕಳ ನಡುವೆ ನಿಂತು ತಾವೇ ಹಾಡಿದರು, ಅಭಿನಯಿಸಿದರು, ಕಥೆ ಹೇಳಿದರು. ಓದಿಸಲು ತಕ್ಕ ಹಾಡುಗಳು ಇಲ್ಲವೆಂದು ಕಂಡಾಗ ತಾವೇ ಬರೆಯತೊಡಗಿದರು. ಆ ಹಾಡುಗಳಲ್ಲಿ ಅಲಂಕಾರಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಾಗರಹಾವಿನ ಹಾಡು ನಿಮಗೆಲ್ಲರಿಗೂ ಗೊತ್ತು. ನಾಗರವು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಪೂಜೆಗೊಳ್ಳುವ ದೈವ. ಮನೆಯ ಹಿತ್ತಲಿನಲ್ಲಿ ಕಂಡರೆ ಎದೆ ನಡುಗಿಸುವ ಪ್ರಾಣಿಯೂ ಹೌದು. ಈ ಎರಡು ಭಾವಗಳನ್ನೂ ಒಂದು ಮಗುವಿನ ಬಾಯಿಯಲ್ಲಿ ಇಟ್ಟದ್ದು ಕವಿಯ ಜಾಣ್ಮೆ. ಮಗು ಮೊದಲು ಹಾವನ್ನು ಹೂವೆಂದೇ ಕರೆಯುತ್ತದೆ. ಹೂವಿನಂತೆ ಎನ್ನುವ ವಾಚಕಪದ ಅಲ್ಲಿಲ್ಲ, ಹಾವೇ ಹೂವಾಗಿಬಿಟ್ಟಿದೆ. ರೂಪಕಾಲಂಕಾರವೆಂದರೆ ಇದೇ. ಎರಡು ಮಾತುಗಳಿಗೆ ಇರುವ ಅಂತರ ಒಂದು ಸ್ವರದ್ದು ಮಾತ್ರ, ಅರ್ಥದಲ್ಲಿ ಅಜಗಜಾಂತರ. ಕಿವಿಗೆ ಹತ್ತಿರವಾದುದನ್ನು ಕಣ್ಣಿಗೂ ಹತ್ತಿರ ತರುವುದಕ್ಕೆ ಮಗುವಿಗೆ ಯಾರ ವಿವರಣೆಯೂ ಬೇಕಾಗುವುದಿಲ್ಲ. ಮುಂದೆ ಹಾಲು ಕೊಡುವ ಆಸೆ ತೋರಿಸಿ, ಕೊಳಲೂದಿ, ಹೆಡೆ ಬಿಚ್ಚಿ ಆಡೆಂದು ಬೇಡಿ, ತಲೆಯ ಮೇಲಿನ ರತ್ನವನ್ನು ವಿಚಾರಿಸಿ, ಕೊನೆಗೆ ಆ ಪ್ರಾಣಿಯ ಮೈ ತಣ್ಣಗಿದ್ದರೂ ಮನಸ್ಸಿನಲ್ಲಿ ಹಗೆಯ ಬಿಸಿಯಿದೆ ಎಂಬುದನ್ನು ನೆನೆದು ನಮಸ್ಕರಿಸಿ ಹೊರಗೆ ಕಳುಹಿಸುತ್ತದೆ. ಹಗೆಗೆ ಬಿಸಿಯುಂಟೇ? ಮುಟ್ಟಿ ನೋಡಬಹುದಾದ ಮೈಯ ತಂಪಿನ ಪಕ್ಕದಲ್ಲಿ ಮುಟ್ಟಲಾಗದ ಮನಸ್ಸಿನ ಕಾವನ್ನು ಇರಿಸಿದ್ದರಿಂದ ಆ ಲಾಕ್ಷಣಿಕ ಪ್ರಯೋಗವು ಆರು ವರ್ಷದ ಮಗುವಿಗೂ ತಿಳಿಯುತ್ತದೆ.

ಪ್ರತಿಯೊಂದು ನುಡಿಯ ಕೊನೆಗೂ ಒಂದೇ ಅಕ್ಷರವು ಮತ್ತೆ ಮತ್ತೆ ಬರುವುದರಿಂದ ತರಗತಿಯೆಲ್ಲ ಒಟ್ಟಾಗಿ ಹಾಡಬಹುದು, ಕೈಯಿಂದ ಕರೆಯಬಹುದು, ಕೈಯಿಂದಲೇ ಓಡಿಸಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪ್ರಾಥಮಿಕ ಶಾಲೆಗಳಲ್ಲಿ ಈ ಹಾಡನ್ನು ಕಲಿಸುವಾಗ ಅರ್ಧ ತರಗತಿ ಅಂಗೈಗಳನ್ನು ಹೆಡೆಯಾಗಿ ಅರಳಿಸಿ ತೂಗುವುದನ್ನೂ ಉಳಿದರ್ಧ ಕೊಳಲೂದುವುದನ್ನೂ ನಾನು ಎಷ್ಟೋ ಸಲ ನೋಡಿದ್ದೇನೆ. ತೋಟಗಳ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು, ಮನೆಯಲ್ಲಿ ತುಳುವನ್ನೋ ತಮಿಳನ್ನೋ ಆಡುವವರು, ಆ ಆಟದಲ್ಲಿ ಹಿಂದೆ ಬೀಳುವುದಿಲ್ಲ. ಕೊಂಕಣಿ ಮನೆಯ ಕವಿ ಬರೆದ ಹಾಡು ಅವರಿಗೆ ಸಲ್ಲುವುದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ಹಾಡು ತೆಂಕಣ ಗಾಳಿಯಾಟ. ದೂರದಿಂದ ಒಂದು ಸದ್ದು ಬರುತ್ತಿದೆ. ಅದು ಪಾತಾಳದ ಸರ್ಪದ ಬುಸುಗಾಟವಿರಬಹುದೇ, ಹಸಿದ ಭೂತದ ಕೂಗಿರಬಹುದೇ, ಯಮನ ಕೋಣದ ಧ್ವನಿಯಿರಬಹುದೇ ಎಂದು ಕೇಳುವವನು ಶಂಕಿಸುತ್ತಾನೆ. ಇದೋ ಅದೋ ಎಂದು ನಿಶ್ಚಯವಾಗದೆ ತೂಗಾಡುವ ಈ ವರ್ಣನೆಗೆ ಶಾಸ್ತ್ರಕಾರರು ಸಂದೇಹಾಲಂಕಾರವೆಂದು ಹೆಸರಿಟ್ಟಿದ್ದಾರೆ. ಪಂಜೆಯವರು ಆ ಹೆಸರನ್ನು ಹೇಳದೆ, ಸಂದೇಹವನ್ನೇ ಮಗುವಿನಲ್ಲಿ ಹುಟ್ಟಿಸಿದರು. ಸಕಾರದ ಸುಯ್ಲು, ಬಕಾರದ ಬುಸುಗು, ದೀರ್ಘ ಸ್ವರಗಳ ಕೂಗು ಇವುಗಳಿಂದ ಗಾಳಿಯು ಓದುವವನ ಬಾಯಿಂದಲೇ ಬೀಸುತ್ತದೆ. ಆಮೇಲೆ ಅದೇ ಗಾಳಿ ತುಂಟ ಹುಡುಗನಾಗಿ ಮುದುಕರ ಕೊಡೆಗಳನ್ನೂ ಹುಡುಗರ ಟೊಪ್ಪಿಗೆಗಳನ್ನೂ ಕೆಣಕುತ್ತದೆ.

ನಮ್ಮ ಸೀಮೆಯ ಮಕ್ಕಳಿಗೆ ಈ ಹಾಡು ಬಹಳ ಹತ್ತಿರ. ಮುಂಗಾರು ಕರಾವಳಿಯಿಂದ ಘಟ್ಟವನ್ನೇರಿ ಶೃಂಗೇರಿಯ ಕಿಗ್ಗದ ಕಾಡುಗಳ ಮೇಲೆ ಎರಗುವಾಗ, ಮಳೆಗಿಂತ ಮುಂಚೆ ಅದರ ಸದ್ದು ಬರುತ್ತದೆ. ಅಂಥ ದಿನ ಕಿಟಕಿಯ ಬಾಗಿಲು ಮುಚ್ಚಿಸಿ, ಮಕ್ಕಳನ್ನು ಕಣ್ಣು ಮುಚ್ಚಿ ಕೂರಿಸಿ, ಹೊರಗಿನ ಸದ್ದು ಯಾವುದರಂತಿದೆ ಎಂದು ಪ್ರತಿಯೊಬ್ಬರನ್ನೂ ಕೇಳುವುದುಂಟು. ಒಬ್ಬನಿಗೆ ಅಡಿಕೆ ತೋಟದಲ್ಲಿ ಸೋಗೆ ಎಳೆದಂತೆ ಕೇಳಿಸಿದರೆ, ಇನ್ನೊಬ್ಬಳಿಗೆ ಭದ್ರೆಯ ಹಿನ್ನೀರು ದಡಕ್ಕೆ ಬಡಿದಂತೆ ಕೇಳಿಸುತ್ತದೆ. ಹೀಗೆ ಹತ್ತು ಉಪಮೆಗಳು ಮಕ್ಕಳ ಬಾಯಿಂದಲೇ ಬಂದ ಮೇಲೆ ಪಾಠದ ಹಾಡನ್ನು ತೆರೆಯಬೇಕು. ಹೆಸರು ಹೇಳುವುದಕ್ಕೆ ಐದು ನಿಮಿಷ ಸಾಕು. ಹಲಸಿನ ಹಣ್ಣನ್ನು ಮೈಯೆಲ್ಲ ಮುಳ್ಳಿನ ಒಡಲೆಲ್ಲ ಸಿಹಿಯ ಮುದುಕನನ್ನಾಗಿ ಮಾಡಿ, ಅದಾರೆಂದು ಕೇಳುವ ಅಜ್ಜಿಯ ಒಗಟೂ ಉಪಮೇಯವನ್ನು ಅಡಗಿಸಿಟ್ಟ ಅಲಂಕಾರವೇ ತಾನೆ? ಹಳ್ಳಿಯ ಮಗು ಶಾಲೆಗೆ ಬರುವ ಮೊದಲೇ ಇದನ್ನೆಲ್ಲ ಬಲ್ಲದು. ಶಾಲೆ ಅದನ್ನು ಮರೆಸದಿದ್ದರೆ ಸಾಕು.

ಉದಯರಾಗವೆಂಬ ಗೀತೆಯಲ್ಲಿ ಸೂರ್ಯನು ಕತ್ತಲೆಯೊಡನೆ ಜಗಳವಾಡುತ್ತಾನೆ. ಮೂಡಲ ದಿಕ್ಕು ರಂಗಸ್ಥಳವಾಗಿ, ಬೆಳಗಿನ ಕೆಂಪು ನೆತ್ತರಾಗುತ್ತದೆ. ಇರುಳೆಲ್ಲ ಯಕ್ಷಗಾನ ಬಯಲಾಟವನ್ನು ನೋಡಿ ಬೆಳಗಿನ ಜಾವದಲ್ಲಿ ಮನೆಗೆ ಮರಳುವ ಮಕ್ಕಳಿಗೆ ಆ ರಂಗಸ್ಥಳದ ಕಲ್ಪನೆಯನ್ನು ಬಿಡಿಸಿ ಹೇಳಬೇಕೇ? ಅದೇ ಸೂರ್ಯನು ಹಕ್ಕಿಗಳನ್ನು ಗೂಡಿನಿಂದ ಹೊರಕ್ಕೆ ದೂಡುತ್ತಾನೆ. ಮೇಲಕ್ಕೇರಿದಷ್ಟೂ ಬಿಂಬವು ಚಿಕ್ಕದಾಗಿ ಕಾಣುವುದನ್ನು ಹಿಡಿದು, ಮೇಲೇರಿದವನು ತಗ್ಗಿ ನಡೆಯಬೇಕೆಂಬ ಲೋಕನೀತಿಯನ್ನು ಕವಿಯು ಸೂಚಿಸುತ್ತಾರೆ. ನೀತಿಗಿಂತ ಮೊದಲು ಮಗು ಆಕಾಶವನ್ನು ನೋಡಿರಬೇಕು ಎಂಬ ಕ್ರಮ ಇಲ್ಲಿಯೂ ತಪ್ಪಿಲ್ಲ.

ಗದ್ಯದಲ್ಲಿಯೂ ಅವರ ಕೈ ಪಳಗಿತ್ತು. 1900ರ ಹೊತ್ತಿಗೆ ಮಂಗಳೂರಿನಿಂದ ಹೊರಡುತ್ತಿದ್ದ ಸುವಾಸಿನಿ ಪತ್ರಿಕೆಯಲ್ಲಿ ಹರಟೆಮಲ್ಲನೆಂಬ ಹೆಸರಿನಿಂದ ಬರೆದರು. ಕನ್ನಡದ ಸಣ್ಣಕಥೆಯ ಮೊದಲಿಗರಲ್ಲಿ ಅವರೂ ಒಬ್ಬರು. ತುಳುನಾಡಿನ ಪಾಡ್ದನಗಳ ವೀರರ ಕಥೆಯನ್ನು ಕೋಟಿ ಚೆನ್ನಯ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಸಿಗಡಿ ಯಾಕೆ ಒಣಗಲಿಲ್ಲ, ಮೆಣಸಿನಕಾಳಪ್ಪ, ಗುಡುಗುಡು ಗುಮ್ಮಟದೇವರು ಮುಂತಾದ ಮಕ್ಕಳ ಕಥೆಗಳ ಹೆಸರುಗಳೇ ಹಾಡಿನಂತಿವೆ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದಲ್ಲಿ ಕೊಳಲೂದಿ ಇಲಿಗಳನ್ನು ಸೆಳೆದೊಯ್ದವನ ಕಥೆ ಅವರ ಕೈಯಲ್ಲಿ ಇಲಿಗಳ ಥಕಥೈ ಆಯಿತು. ಥಕಥೈ ಎಂಬುದು ನಟುವರ ಬಾಯಿಯ ತಾಳ; ಆ ಒಂದು ಶಬ್ದದಿಂದ ಇಲಿಗಳ ಕಾಲಿಗೆ ಗೆಜ್ಜೆ ಕಟ್ಟಿದಂತಾಯಿತು. ಇದೇ ಕಥೆಯನ್ನು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರೂ ಬೊಮ್ಮನಹಳ್ಳಿಯ ಕಿಂದರಿಜೋಗಿ ಎಂಬ ಕವನವಾಗಿ ಬರೆದು, ಆ ಊರನ್ನು ತುಂಗೆಯ ದಡದಲ್ಲಿ ನೆಲೆಗೊಳಿಸಿದರು. ದೂರದ ಪಟ್ಟಣವೊಂದು ಘಟ್ಟದ ಕೆಳಗಿನವರಿಗೂ ಮೇಲಿನವರಿಗೂ ಹೀಗೆ ತಮ್ಮದೇ ಊರಾಯಿತು.

ಪಂಜೆಯವರು ಶಾಸ್ತ್ರವನ್ನು ಅರಿಯದೆ ಆಟಕ್ಕೆ ಇಳಿದವರೆಂದು ಯಾರೂ ತಿಳಿಯಬಾರದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲರ ಆವೃತ್ತಿಯನ್ನು ಆಧರಿಸಿ ಪರಿಷ್ಕರಿಸಿದ ವಿದ್ವಾಂಸರು ಅವರು. ಶಾಲಾ ಮಕ್ಕಳಿಗಾಗಿ ಕನ್ನಡ ಮೂಲ ವ್ಯಾಕರಣವನ್ನೂ ಬರೆದರು. ಬಾಸೆಲ್ ಮಿಷನ್ ಮುದ್ರಣಾಲಯಕ್ಕಾಗಿ ಪದ್ಯಪುಸ್ತಕಗಳನ್ನು ಸಂಪಾದಿಸಿದರು. ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಗುರುಗಳಿಗೆ ಗುರುವಾದರು. ಮಕ್ಕಳ ಪುಸ್ತಕಗಳನ್ನು ಹೊರತರುವುದಕ್ಕಾಗಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಇಷ್ಟು ವಿದ್ವತ್ತಿದ್ದವರು ಮಹಾಕಾವ್ಯಕ್ಕೆ ಕೈಹಾಕದೆ ನಾಲ್ಕು ಸಾಲಿನ ಶಿಶುಗೀತೆಗಳಿಗೆ ಸಮಯ ಕೊಟ್ಟರು. ಪಂಡಿತರ ಮನ್ನಣೆ ದೊಡ್ಡ ಗ್ರಂಥಗಳಿಗೆ ಸಲ್ಲುತ್ತಿದ್ದ ಕಾಲದಲ್ಲಿ ಇದು ಸಣ್ಣ ತ್ಯಾಗವಲ್ಲ. ಹಾಡುಗಳ ಕೆಳಗೆ ಅವರು ಹಾಕುತ್ತಿದ್ದ ಅಂಕಿತ ಕವಿಶಿಷ್ಯ ಎಂಬುದು. ಇದನ್ನು ಬರಿಯ ವಿನಯವೆಂದು ನಾನು ಎಣಿಸುವುದಿಲ್ಲ. ಕಲಿಸುವವನು ಕಲಿಯುವವನ ಬೆಂಚಿನಲ್ಲಿ ಕುಳಿತಿದ್ದಾನೆಂಬ ಸೂಚನೆಯೂ ಅದರಲ್ಲಿದೆ.

1920ರ ದಶಕದಲ್ಲಿ ಅವರು ಕೊಡಗಿಗೆ ಹೋಗಿ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ಅಲ್ಲಿನ ಮಕ್ಕಳ ಮನೆಮಾತು ಕೊಡವ. ಹೊರಗಿನಿಂದ ಬಂದ ಗುರುವು ಆ ನಾಡಿನ ಸುಗ್ಗಿಯ ಹಬ್ಬವನ್ನು ಕಂಡು ಹುತ್ತರಿ ಹಾಡನ್ನು ರಚಿಸಿದರು. ಅದರಲ್ಲಿ ಭೂಮಿ ಹೆಣ್ಣಾಗುತ್ತಾಳೆ. ಬೆಟ್ಟ, ಹೊಳೆ, ವೀರರ ನೆನಪು ಎಲ್ಲವೂ ಮೈತಳೆದು ನಿಲ್ಲುತ್ತವೆ. ಕೊಡಗಿನವರು ಅದನ್ನು ತಮ್ಮ ನಾಡಗೀತೆಯೆಂಬಂತೆ ಹಾಡಿಕೊಂಡು ಬಂದಿದ್ದಾರೆ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ಬಂಟ್ವಾಳ ಮದರಾಸು ಪ್ರಾಂತದಲ್ಲಿ, ರಾಯಚೂರು ನಿಜಾಮರ ರಾಜ್ಯದಲ್ಲಿ, ಕೊಪ್ಪ ಶೃಂಗೇರಿಗಳು ಮೈಸೂರು ಸಂಸ್ಥಾನದಲ್ಲಿ ಹರಿದು ಹಂಚಿಹೋಗಿದ್ದ ದಿನಗಳವು. ಮೂರು ವರ್ಷಗಳ ಅನಂತರ, 1937ರ ಅಕ್ಟೋಬರ್ 25ರಂದು ಅವರು ಹೈದರಾಬಾದಿನಲ್ಲಿ ನಿಧನರಾದರು. ಕುವೆಂಪು ಅವರು ಪಂಜೆಯವರನ್ನು ಕುರಿತು ಕವಿತೆ ಬರೆದರು. ಬೇರೆ ಬೇರೆ ಅಂಕಿತಗಳಲ್ಲಿ ಚದುರಿಹೋಗಿದ್ದ ಅವರ ಬರಹಗಳು ಮುಂದಿನ ದಶಕಗಳಲ್ಲಿ ಸಂಪುಟಗಳಾಗಿ ಹೊರಬಂದವು. ಅಷ್ಟು ಹೊತ್ತಿಗಾಗಲೇ ನಾಗರಹಾವಿನ ಹಾಡು, ಬರೆದವರ ಹೆಸರನ್ನು ಕೇಳದ ಮಕ್ಕಳ ಬಾಯಲ್ಲಿ ಒಂದು ತಲೆಮಾರನ್ನು ದಾಟಿ ಇನ್ನೊಂದಕ್ಕೆ ಬಂದಿತ್ತು.