ವಾಲ್ಟರ್ ಗೋರ್ಡನ್ ವಿಲ್ಸನ್

ವಾಲ್ಟರ್ ಗೋರ್ಡನ್ ವಿಲ್ಸನ್ (21 ಏಪ್ರಿಲ್ 1874 – 1 ಜುಲೈ 1957) ಐರ್ಲೆಂಡಿನಲ್ಲಿ ಜನಿಸಿದ ಬ್ರಿಟಿಷ್ ಎಂಜಿನಿಯರ್ ಹಾಗೂ ಸಂಶೋಧಕರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಲಿಯಂ ಟ್ರಿಟನ್ ಅವರೊಡನೆ ಸೇರಿ ಯುದ್ಧ ಟ್ಯಾಂಕನ್ನು ರೂಪಿಸಿದವರೆಂದೂ, ಪ್ರಿಸೆಲೆಕ್ಟರ್ ಗೇರ್‌ಬಾಕ್ಸ್‌ನ ಜನಕರೆಂದೂ ಇವರು ಪ್ರಸಿದ್ಧರು. ಭಾರವಾದ ವಾಹನಕ್ಕೆ ಬಲವಾದ ಎಂಜಿನ್ ಒದಗಿಸಿದರಷ್ಟೇ ಸಾಲದು, ಆ ಬಲವನ್ನು ಚಕ್ರಗಳಿಗೆ ಮುಟ್ಟಿಸುವ ಗೇರ್ ವ್ಯವಸ್ಥೆಯೂ ಅದಕ್ಕೆ ತಕ್ಕುದಾಗಿರಬೇಕು. ವಿಲ್ಸನ್ ಅವರ ವೃತ್ತಿಜೀವನದ ಬಹುಭಾಗ ಈ ಒಂದು ಸಮಸ್ಯೆಯ ಪರಿಹಾರಕ್ಕೆ ಮೀಸಲಾಗಿತ್ತು.

ಜನನ ಮತ್ತು ವಿದ್ಯಾಭ್ಯಾಸ

ವಿಲ್ಸನ್ ಅವರು ಡಬ್ಲಿನ್ ಸಮೀಪದ ಬ್ಲ್ಯಾಕ್‌ರಾಕ್ ಎಂಬಲ್ಲಿ ಜನಿಸಿದರು. 1888ರಲ್ಲಿ ನೌಕಾಪಡೆಯ ತರಬೇತಿ ಹಡಗಾದ 'ಬ್ರಿಟಾನಿಯಾ'ವನ್ನು ಕೆಡೆಟ್ ಆಗಿ ಸೇರಿದರು. 1891ರಲ್ಲಿ ಆ ಸೇವೆಯನ್ನು ತೊರೆದು, 1894ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಕಿಂಗ್ಸ್ ಕಾಲೇಜಿಗೆ ಪ್ರವೇಶ ಪಡೆದರು. 1897ರಲ್ಲಿ ಯಂತ್ರವಿಜ್ಞಾನದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆ ಹೊಂದಿದರು. ಮುಂದೆ ರೋಲ್ಸ್-ರಾಯ್ಸ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಚಾರ್ಲ್ಸ್ ರೋಲ್ಸ್ ಆಗ ಅಲ್ಲಿಯೇ ವಿದ್ಯಾರ್ಥಿಯಾಗಿದ್ದರು. ಅವರ ಮೋಟಾರು ವಾಹನಕ್ಕೆ ವಿಲ್ಸನ್ ಹಲವು ಬಾರಿ ಮೆಕ್ಯಾನಿಕ್ ಆಗಿ ನೆರವಾದರು.

ಪಿಲ್ಚರ್ ಅವರ ಒಡನಾಟ

1898ರ ನಂತರ ವಿಲ್ಸನ್ ಅವರು ಪರ್ಸಿ ಪಿಲ್ಚರ್ ಅವರೊಡನೆ ವಿಮಾನದ ಎಂಜಿನ್ ತಯಾರಿಕೆಯಲ್ಲಿ ತೊಡಗಿದರು. ಎಂಜಿನ್ ಇಲ್ಲದ ಗ್ಲೈಡರುಗಳಲ್ಲಿ ಹಾರಿ ಹೆಸರಾಗಿದ್ದ ಪಿಲ್ಚರ್, ಎಂಜಿನ್ ಬಲದಿಂದ ಹಾರುವ ವಿಮಾನವೊಂದನ್ನು ಸಿದ್ಧಪಡಿಸುತ್ತಿದ್ದರು. 1899ರ ಸೆಪ್ಟೆಂಬರ್ 30ರಂದು ಸ್ಟ್ಯಾನ್‌ಫರ್ಡ್ ಹಾಲ್ ಎಂಬಲ್ಲಿ ಪ್ರದರ್ಶನ ಏರ್ಪಾಡಾಗಿತ್ತು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮುರಿದಿದ್ದ ಕಾರಣ ಹೊಸ ವಿಮಾನ ಹಾರುವಂತಿರಲಿಲ್ಲ. ನೆರೆದಿದ್ದ ಅತಿಥಿಗಳನ್ನು ನಿರಾಶೆಗೊಳಿಸಲಾರದೆ ಪಿಲ್ಚರ್ ತಮ್ಮ ಹಳೆಯ ಗ್ಲೈಡರ್ 'ಹಾಕ್'ನಲ್ಲಿ ಹಾರಿದರು. ಅದರ ಬಾಲದ ಭಾಗ ಮುರಿದು ನೆಲಕ್ಕೆ ಅಪ್ಪಳಿಸಿದ ಅವರು ಅಕ್ಟೋಬರ್ 2ರಂದು ಮರಣ ಹೊಂದಿದರು.

ಈ ದುರ್ಘಟನೆ ವಿಲ್ಸನ್ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ವಿಮಾನದ ಕೆಲಸವನ್ನು ಕೈಬಿಟ್ಟು ಅವರು ಮೋಟಾರು ವಾಹನಗಳತ್ತ ಹೊರಳಿದರು. ತಾವು ರೂಪಿಸಿದ ಕಾರಿನ ಹೆಸರಿನಲ್ಲಿ ಅಗಲಿದ ಗೆಳೆಯನ ಹೆಸರನ್ನೂ ಸೇರಿಸಿ 'ವಿಲ್ಸನ್-ಪಿಲ್ಚರ್' ಎಂದು ಕರೆದರು.

ಎಪಿಸೈಕ್ಲಿಕ್ ಗೇರಿನ ಬಳಕೆ

ವಿಲ್ಸನ್-ಪಿಲ್ಚರ್ ಕಾರಿನ ವಿಶೇಷವೆಂದರೆ ಅದರ ಎಪಿಸೈಕ್ಲಿಕ್ ಗೇರ್ ವ್ಯವಸ್ಥೆ. ಆ ಕಾಲದ ಸಾಮಾನ್ಯ ಗೇರ್‌ಬಾಕ್ಸ್‌ಗಳಲ್ಲಿ ತಿರುಗುತ್ತಿರುವ ಹಲ್ಲಿನ ಚಕ್ರಗಳನ್ನು ಸರಿಸಿ ಒಂದಕ್ಕೊಂದು ಜೋಡಿಸಬೇಕಿತ್ತು. ಎರಡರ ವೇಗವೂ ಹೊಂದದಿದ್ದರೆ ಹಲ್ಲುಗಳು ಕರ್ಕಶವಾಗಿ ಉಜ್ಜುತ್ತಿದ್ದವು, ಕೆಲವೊಮ್ಮೆ ಮುರಿಯುತ್ತಲೂ ಇದ್ದವು. ಎಪಿಸೈಕ್ಲಿಕ್ ವ್ಯವಸ್ಥೆಯಲ್ಲಿ ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಚಿಕ್ಕ ಗ್ರಹಚಕ್ರಗಳು, ಹೊರಗೆ ಒಳಮುಖ ಹಲ್ಲುಗಳುಳ್ಳ ಬಳೆಯಾಕಾರದ ಚಕ್ರ ಇರುತ್ತವೆ. ಇವೆಲ್ಲವೂ ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಹೊರಬಳೆಯನ್ನು ಬ್ರೇಕ್ ಪಟ್ಟಿಯಿಂದ ಬಿಗಿಹಿಡಿದರೆ ಒಂದು ವೇಗ, ಬಿಟ್ಟು ಬೇರೊಂದನ್ನು ಹಿಡಿದರೆ ಇನ್ನೊಂದು ವೇಗ ದೊರೆಯುತ್ತದೆ. ಹೊರೆ ಹಲವು ಚಕ್ರಗಳಿಗೆ ಹಂಚಿಹೋಗುವುದರಿಂದ ಚಿಕ್ಕ ಗಾತ್ರದಲ್ಲಿಯೇ ಹೆಚ್ಚಿನ ಬಲವನ್ನು ತಡೆದುಕೊಳ್ಳುವ ಗುಣವೂ ಇದಕ್ಕಿದೆ.

1904ರಿಂದ 1908ರವರೆಗೆ ವಿಲ್ಸನ್ ಅವರು ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್ ಕಂಪನಿಯಲ್ಲಿ ಕಾರುಗಳ ವಿನ್ಯಾಸ ಮಾಡಿದರು. ಬಳಿಕ ಡಾರ್ಟ್‌ಫರ್ಡ್‌ನ ಜೆ. ಅಂಡ್ ಇ. ಹಾಲ್ ಕಂಪನಿಯಲ್ಲಿ 'ಹಾಲ್‌ಫರ್ಡ್' ಲಾರಿಯನ್ನು ರೂಪಿಸಿದರು. ಈ ಲಾರಿಗಳು ಯುದ್ಧಕಾಲದಲ್ಲಿ ಸೈನ್ಯದ ಸಾಗಾಣಿಕೆಗೆ ಬಳಕೆಯಾದವು.

ಟ್ಯಾಂಕಿನ ನಿರ್ಮಾಣ

1914ರಲ್ಲಿ ಯುದ್ಧ ಆರಂಭವಾದಾಗ ವಿಲ್ಸನ್ ಮತ್ತೆ ನೌಕಾಪಡೆ ಸೇರಿ, ಅದರ ಕವಚದ ಕಾರುಗಳ ವಿಭಾಗದಲ್ಲಿ ನಿಯುಕ್ತರಾದರು. ಮುಳ್ಳುತಂತಿ ಮತ್ತು ಕಂದಕಗಳನ್ನು ದಾಟಬಲ್ಲ ವಾಹನದ ಹುಡುಕಾಟ ಆಗ ನಡೆದಿತ್ತು. ಲಿಂಕನ್ ನಗರದ ವಿಲಿಯಂ ಫಾಸ್ಟರ್ ಕಂಪನಿಯ ಮುಖ್ಯಸ್ಥರಾದ ಟ್ರಿಟನ್ ಅವರೊಡನೆ ವಿಲ್ಸನ್ ಈ ಕಾರ್ಯದಲ್ಲಿ ತೊಡಗಿದರು. 1915ರಲ್ಲಿ 'ಲಿಟ್ಲ್ ವಿಲ್ಲಿ' ಎಂಬ ಮೊದಲ ಮಾದರಿ ಸಿದ್ಧವಾಯಿತು. ಅಮೆರಿಕದಿಂದ ತರಿಸಿದ ಟ್ರ್ಯಾಕ್ ಪಟ್ಟಿಗಳು ಕಳಚಿಕೊಳ್ಳುತ್ತಿದ್ದುದರಿಂದ ಟ್ರಿಟನ್ ಉಕ್ಕಿನ ಫಲಕಗಳ ಹೊಸ ಟ್ರ್ಯಾಕನ್ನು ರೂಪಿಸಿದರು. ಅಗಲವಾದ ಕಂದಕ ದಾಟಲು ಟ್ರ್ಯಾಕ್ ವಾಹನದ ಇಡೀ ಒಡಲನ್ನು ಸುತ್ತಿ ಬರಬೇಕೆಂಬ ವಿಲ್ಸನ್ ಅವರ ಸಲಹೆಯಿಂದ 'ಮದರ್' ಎಂಬ ಎರಡನೆಯ ಮಾದರಿ ಹುಟ್ಟಿತು. 1916ರ ಆರಂಭದಲ್ಲಿ ಹ್ಯಾಟ್‌ಫೀಲ್ಡ್‌ನಲ್ಲಿ ಇದರ ಪರೀಕ್ಷೆ ಯಶಸ್ವಿಯಾಯಿತು. ಇದೇ ವಿನ್ಯಾಸದ ಮಾರ್ಕ್ 1 ಟ್ಯಾಂಕುಗಳು 1916ರ ಸೆಪ್ಟೆಂಬರ್ 15ರಂದು ಸೋಮ್ ಕದನದಲ್ಲಿ ಮೊದಲ ಬಾರಿಗೆ ರಣರಂಗಕ್ಕಿಳಿದವು.

ಚಾಲನೆಯ ತೊಡಕು

ಸುಮಾರು 28 ಟನ್ ತೂಕದ ಮಾರ್ಕ್ 1 ಟ್ಯಾಂಕಿನಲ್ಲಿದ್ದುದು 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್. ಇದನ್ನು ನಡೆಸಲು ಎಂಟು ಜನ ಸಿಬ್ಬಂದಿಯಲ್ಲಿ ನಾಲ್ವರು ಬೇಕಾಗುತ್ತಿದ್ದರು. ಚಾಲಕನು ಮುಖ್ಯ ಗೇರ್‌ಬಾಕ್ಸನ್ನೂ, ನಾಯಕನು ಬ್ರೇಕುಗಳನ್ನೂ ನಿರ್ವಹಿಸುತ್ತಿದ್ದರು. ಹಿಂಬದಿಯಲ್ಲಿ ಎರಡು ಟ್ರ್ಯಾಕುಗಳ ಉಪಗೇರುಗಳಿಗೆ ಒಬ್ಬೊಬ್ಬ ಸಹಾಯಕನಿದ್ದನು. ಚೂಪಾದ ತಿರುವಿಗೆ ಟ್ಯಾಂಕನ್ನು ಪೂರ್ತಿ ನಿಲ್ಲಿಸಿ, ಒಂದು ಬದಿಯ ಗೇರನ್ನು ಬಿಡಿಸಿ, ಮತ್ತೊಂದು ಬದಿಯನ್ನು ಮಾತ್ರ ನಡೆಸಬೇಕಿತ್ತು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಎಲ್ಲವೂ ಕೈಸನ್ನೆಯಿಂದ ನಡೆಯಬೇಕಾಗಿತ್ತು. ಶತ್ರುವಿನ ಫಿರಂಗಿಗಳ ಎದುರು ತಿರುವಿಗಾಗಿ ನಿಂತ ಟ್ಯಾಂಕು ಸುಲಭದ ಗುರಿಯಾಗುತ್ತಿತ್ತು. ಹೀಗೆ ಗೇರಿನ ದೋಷವು ಒಳಗಿದ್ದವರ ಪ್ರಾಣಕ್ಕೇ ಸಂಬಂಧಿಸಿದ ಪ್ರಶ್ನೆಯಾಗಿತ್ತು.

ಓಲ್ಡ್‌ಬರಿ ಪರೀಕ್ಷೆ ಮತ್ತು ಮಾರ್ಕ್ 5

ಈ ತೊಡಕನ್ನು ನಿವಾರಿಸಲು 1917ರ ಮಾರ್ಚ್ ತಿಂಗಳಲ್ಲಿ ಓಲ್ಡ್‌ಬರಿ ಎಂಬಲ್ಲಿ ಹಲವು ಬಗೆಯ ಗೇರ್ ವ್ಯವಸ್ಥೆಗಳನ್ನು ಟ್ಯಾಂಕುಗಳಿಗೆ ಅಳವಡಿಸಿ ಹೋಲಿಸಿ ನೋಡಲಾಯಿತು. ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ ಮೋಟಾರುಗಳ ಮೂಲಕ ಟ್ರ್ಯಾಕ್ ತಿರುಗಿಸುವ ಪೆಟ್ರೋಲ್-ವಿದ್ಯುತ್ ವ್ಯವಸ್ಥೆ, ಎಣ್ಣೆಯ ಒತ್ತಡದಿಂದ ಬಲವನ್ನು ಸಾಗಿಸುವ ವಿಲಿಯಮ್ಸ್-ಜಾನಿ ವ್ಯವಸ್ಥೆ, ಅನೇಕ ಕ್ಲಚ್ಚುಗಳನ್ನುಳ್ಳ ವಿಲ್ಕಿನ್ಸ್ ವ್ಯವಸ್ಥೆ ಹಾಗೂ ವಿಲ್ಸನ್ ಅವರ ಎಪಿಸೈಕ್ಲಿಕ್ ವ್ಯವಸ್ಥೆ ಅಲ್ಲಿದ್ದವು. ಇವುಗಳಲ್ಲಿ ವಿಲ್ಸನ್ ಅವರ ವಿನ್ಯಾಸವೇ ಆಯ್ಕೆಯಾಯಿತು.

ಇದೇ ವೇಳೆಗೆ ಹ್ಯಾರಿ ರಿಕಾರ್ಡೊ ಅವರು ಟ್ಯಾಂಕಿಗೆಂದೇ 150 ಅಶ್ವಶಕ್ತಿಯ ಹೊಸ ಎಂಜಿನ್ ಸಿದ್ಧಪಡಿಸಿದ್ದರು. ಹೊಸ ಎಂಜಿನ್ ಮತ್ತು ಹೊಸ ಗೇರು ಮಾರ್ಕ್ 5 ಟ್ಯಾಂಕಿನಲ್ಲಿ ಒಂದಾದವು. ನಡುವೆ ನಾಲ್ಕು ವೇಗಗಳ ಗೇರ್‌ಬಾಕ್ಸ್, ಎರಡೂ ಬದಿಗೆ ಎಪಿಸೈಕ್ಲಿಕ್ ಗೇರುಗಳಿದ್ದವು. ಒಂದು ಬದಿಯ ಲಿವರನ್ನು ಎಳೆದರೆ ಆ ಬದಿಯ ಟ್ರ್ಯಾಕಿಗೆ ಬಲ ನಿಲ್ಲುತ್ತಿತ್ತು. ಇನ್ನಷ್ಟು ಎಳೆದರೆ ಬ್ರೇಕ್ ಬೀಳುತ್ತಿತ್ತು. ನಾಲ್ವರ ಕೆಲಸವನ್ನು ಒಬ್ಬನೇ ಚಾಲಕ ಮಾಡುವಂತಾಯಿತು. ಆದರೆ ಒಳಗಿನ ಗಾಳಿಯ ಸಂಚಾರ ಹಿಂದಿಗಿಂತ ಕಡಿಮೆಯಾಗಿ, ಸಿಬ್ಬಂದಿ ಬಿಸಿ ಮತ್ತು ಹೊಗೆಯಿಂದ ಬಳಲಬೇಕಾಯಿತು. 1918ರ ಜುಲೈ 4ರ ಹಾಮೆಲ್ ಹಾಗೂ ಆಗಸ್ಟ್ 8ರ ಆಮಿಯೆನ್ಸ್ ಕದನಗಳಲ್ಲಿ ಮಾರ್ಕ್ 5 ಭಾಗವಹಿಸಿತು.

ಯುದ್ಧಾನಂತರ ಸಂಶೋಧಕರ ಪುರಸ್ಕಾರಕ್ಕಾಗಿ ನೇಮಕವಾದ ರಾಜ ಆಯೋಗವು 1919ರಲ್ಲಿ ಟ್ರಿಟನ್ ಮತ್ತು ವಿಲ್ಸನ್ ಅವರಿಗೆ ಜಂಟಿಯಾಗಿ 15,000 ಪೌಂಡುಗಳನ್ನು ನೀಡಿತು.

ಪ್ರಿಸೆಲೆಕ್ಟರ್ ಗೇರ್‌ಬಾಕ್ಸ್

ಯುದ್ಧದ ನಂತರವೂ ವಿಲ್ಸನ್ ಅವರು ಎಪಿಸೈಕ್ಲಿಕ್ ಗೇರನ್ನು ಸುಧಾರಿಸುತ್ತಲೇ ಇದ್ದರು. 1928ರಲ್ಲಿ ಜೆ. ಡಿ. ಸಿಡ್ಲಿ ಅವರ ಸಹಯೋಗದಲ್ಲಿ 'ಇಂಪ್ರೂವ್ಡ್ ಗೇರ್ಸ್' ಕಂಪನಿ ಸ್ಥಾಪನೆಯಾಯಿತು; ಮುಂದೆ ಇದು 'ಸೆಲ್ಫ್-ಚೇಂಜಿಂಗ್ ಗೇರ್ಸ್' ಎಂದು ಹೆಸರಾಯಿತು. ಇವರ ಗೇರ್‌ಬಾಕ್ಸ್‌ನಲ್ಲಿ ಚಾಲಕನು ಮುಂದೆ ಬೇಕಾಗುವ ಗೇರನ್ನು ಚಿಕ್ಕದೊಂದು ಲಿವರಿನಿಂದ ಮೊದಲೇ ಆರಿಸಿಡುತ್ತಾನೆ. ಅಗತ್ಯ ಬಂದಾಗ ಪೆಡಲ್ ಒತ್ತಿ ಬಿಟ್ಟರೆ, ಬಲವಾದ ಸ್ಪ್ರಿಂಗೊಂದು ಆಯಾ ಬ್ರೇಕ್ ಪಟ್ಟಿಯನ್ನು ಬಿಗಿಗೊಳಿಸುತ್ತದೆ. ಪಟ್ಟಿ ಸವೆದಂತೆ ತಾನಾಗಿಯೇ ಬಿಗಿಯಾಗುವ ಏರ್ಪಾಡೂ ಇದರಲ್ಲಿತ್ತು.

ಆರ್ಮ್‌ಸ್ಟ್ರಾಂಗ್ ಸಿಡ್ಲಿ ಕಾರುಗಳಲ್ಲಿ ಈ ಗೇರ್‌ಬಾಕ್ಸ್ ಬಳಕೆಗೆ ಬಂದಿತು. 1930ರಲ್ಲಿ ಡೈಮ್ಲರ್ ಕಂಪನಿಯು ಕ್ಲಚ್ಚಿನ ಬದಲು ಎಣ್ಣೆಯಿಂದ ಕೆಲಸ ಮಾಡುವ ಫ್ಲೂಯಿಡ್ ಫ್ಲೈವೀಲನ್ನು ಇದಕ್ಕೆ ಜೋಡಿಸಿತು. ಪದೇ ಪದೇ ನಿಂತು ಹೊರಡುವ ನಗರದ ಬಸ್ಸುಗಳಿಗೆ ಈ ಜೋಡಿ ಬಹಳ ಅನುಕೂಲವಾಯಿತು. ಲಂಡನ್ನಿನ ಆರ್‌ಟಿ ಬಸ್ಸುಗಳು, ಇ.ಆರ್.ಎ. ರೇಸಿಂಗ್ ಕಾರುಗಳು, ಬ್ರಿಟನ್ನಿನ ಡೀಸೆಲ್ ರೈಲುಗಾಡಿಗಳು, ಎರಡನೆಯ ಮಹಾಯುದ್ಧದ ಮಟಿಲ್ಡಾ 2 ಟ್ಯಾಂಕು ಇವೆಲ್ಲ ವಿಲ್ಸನ್ ಮಾದರಿಯ ಗೇರನ್ನು ಬಳಸಿದವು.

ನಿಧನ ಮತ್ತು ಪ್ರಭಾವ

ವಿಲ್ಸನ್ ಅವರು 1957ರ ಜುಲೈ 1ರಂದು ಹ್ಯಾಂಪ್‌ಷೈರಿನ ಇಚೆನ್ ಅಬಾಸ್ ಎಂಬ ಹಳ್ಳಿಯಲ್ಲಿ ನಿಧನರಾದರು. ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳು ಬಂದ ಮೇಲೆ ಪ್ರಿಸೆಲೆಕ್ಟರ್ ಹಿಂದೆ ಸರಿಯಿತು. ಆದರೂ ಭಾರಿ ಎಂಜಿನ್ನಿನ ಪಿಕಪ್‌ಗಳು, ಬಸ್ಸುಗಳು ಮತ್ತು ಟ್ಯಾಂಕುಗಳಲ್ಲಿ ಇಂದು ಕಾಣುವ ಹೆಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳು ಸೂರ್ಯಚಕ್ರ ಮತ್ತು ಗ್ರಹಚಕ್ರಗಳ ತತ್ತ್ವವನ್ನೇ ಆಧರಿಸಿವೆ.