ಬಣ್ಣವನ್ನರಿಯದ ಪಂಡಿತನು: ಜಾನ್ ಡಾಲ್ಟನನ ಚರಿತ್ರೆ

ನಾವು ಒಂದು ಹೂವನ್ನು ಕಂಡು ಇದು ಕೆಂಪು ಎನ್ನುತ್ತೇವೆ. ಮಗ್ಗುಲಲ್ಲಿ ನಿಂತವರೂ ಕೆಂಪು ಎನ್ನುತ್ತಾರೆ. ಹೆಸರು ಒಂದಾದ ಮಾತ್ರಕ್ಕೆ ಇಬ್ಬರೂ ಕಂಡದ್ದು ಒಂದೇ ಎಂದು ನಂಬಿ ಸುಮ್ಮನಾಗುತ್ತೇವೆ. ಈ ನಂಬಿಕೆಯು ಎಲ್ಲರ ವಿಷಯದಲ್ಲಿಯೂ ನಿಜವಲ್ಲವೆಂಬುದನ್ನು ತನ್ನ ಕಣ್ಣುಗಳನ್ನೇ ಸಾಕ್ಷಿಯಾಗಿಟ್ಟು ಲೋಕಕ್ಕೆ ತಿಳಿಸಿದವನು ಜಾನ್ ಡಾಲ್ಟನ್. ಪರಮಾಣು ವಾದದ ಕರ್ತನೆಂದು ಆತನ ಹೆಸರನ್ನು ನಮ್ಮ ವಿದ್ಯಾರ್ಥಿನಿಯರು ರಸಾಯನಶಾಸ್ತ್ರದ ಪಾಠದಲ್ಲಿ ಓದಿರುವರು. ಆತನ ಕಣ್ಣಿನ ಕಥೆಯನ್ನು ಕೇಳಿರುವವರು ಕಡಮೆ. ಮಕ್ಕಳನ್ನು ಸಾಕುವ ತಾಯಿತಂದೆಗಳಿಗೂ ಅದರಿಂದ ಪ್ರಯೋಜನವುಂಟೆಂದೆಣಿಸಿ ಇಲ್ಲಿ ಬರೆಯುತ್ತೇವೆ.

ಇಂಗ್ಲೆಂಡಿನ ವಾಯವ್ಯ ದಿಕ್ಕಿನ ಕಂಬರ್ಲೆಂಡ್ ಸೀಮೆಯಲ್ಲಿ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯುಂಟು. ಡಾಲ್ಟನನು 1766ನೆಯ ಇಸವಿಯಲ್ಲಿ ಅಲ್ಲಿ ಹುಟ್ಟಿದನು. ತಂದೆಯು ಬಡ ನೇಕಾರನು. ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ಸರಳವಾದ ಉಡುಪು, ಮಿತವಾದ ಮಾತು, ಇವು ಅವರ ನಡತೆಯ ಗುರುತುಗಳು. ಆ ಕಾಲದಲ್ಲಿ ಇಂಗ್ಲೆಂಡಿನ ರಾಜಮಾನ್ಯ ಸಭೆಗೆ ಸೇರದವರಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪದವಿಗಳು ದೊರೆಯುತ್ತಿರಲಿಲ್ಲ. ಆದಕಾರಣ ಈ ಹುಡುಗನಿಗೆ ದೊಡ್ಡ ವಿದ್ಯಾಶಾಲೆಯ ಬಾಗಿಲು ಮುಚ್ಚಿಯೇ ಇದ್ದಿತು. ಆದರೂ ಆತನು ಎದೆಗುಂದದೆ, ಹನ್ನೆರಡನೆಯ ವಯಸ್ಸಿನಲ್ಲಿಯೇ ತನ್ನ ಹಳ್ಳಿಯ ಮಕ್ಕಳಿಗೆ ಪಾಠ ಹೇಳತೊಡಗಿದನು. ಕೆಲವು ವರುಷಗಳ ತರುವಾಯ ಕೆಂಡಲ್ ಎಂಬ ಊರಿಗೆ ಹೋಗಿ ಅಣ್ಣನಾದ ಜೋನಾಥನನೊಡನೆ ಅಲ್ಲಿಯ ಕ್ವೇಕರ್ ಶಾಲೆಯಲ್ಲಿ ಉಪಾಧ್ಯಾಯನಾದನು.

ಕೆಂಡಲಿನಲ್ಲಿ ಆತನಿಗೆ ದೊರೆತ ಗುರುವು ಜಾನ್ ಗಫ್ ಎಂಬವನು. ಶೈಶವದಲ್ಲಿಯೇ ಸಿಡುಬಿನಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ಈ ಮಹನೀಯನು ಡಾಲ್ಟನನಿಗೆ ಗಣಿತವನ್ನೂ ಭಾಷೆಗಳನ್ನೂ ಕಲಿಸಿದನು. ಗಾಳಿ ಮಳೆಗಳ ದಿನಚರಿಯನ್ನು ಬರೆದಿಡುವಂತೆ ಪ್ರೇರಿಸಿದನು. 1787ರಲ್ಲಿ ಆರಂಭವಾದ ಆ ದಿನಚರಿಯನ್ನು ಶಿಷ್ಯನು 57 ವರುಷ, ಸಾಯುವ ಹಿಂದಿನ ದಿನದವರೆಗೂ, ಬಿಡದೆ ಬರೆದನು. ಕಣ್ಣಿಲ್ಲದ ಗುರುವಿನಿಂದ ನೋಡುವ ಶಿಸ್ತನ್ನು ಕಲಿತ ಈ ಶಿಷ್ಯನಿಗೆ ತನ್ನ ಕಣ್ಣುಗಳಲ್ಲಿಯೂ ಒಂದು ಕೊರತೆಯಿದೆಯೆಂಬುದು ಇಪ್ಪತ್ತಾರು ವರುಷದವರೆಗೆ ತಿಳಿಯಲೇ ಇಲ್ಲ.

ತಿಳಿದದ್ದು 1792ರಲ್ಲಿ, ಒಂದು ಜಿರೇನಿಯಂ ಹೂವಿನಿಂದ. ಎಲ್ಲರ ಕಣ್ಣಿಗೂ ನಸುಗೆಂಪಾಗಿ ಕಾಣುವ ಆ ಹೂವು ಹಗಲಿನಲ್ಲಿ ಡಾಲ್ಟನನಿಗೆ ಆಕಾಶದಂತೆ ನೀಲಿಯಾಗಿ ಕಾಣುತ್ತಿದ್ದಿತು. ಒಂದು ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಅದನ್ನೇ ನೋಡಲು, ನೀಲಿಯ ಲೇಶವೂ ಇಲ್ಲದೆ ಕೆಂಪಾಗಿ ಕಂಡಿತು. ಆತನು ಬೆರಗಾಗಿ ಗೆಳೆಯರನ್ನು ಕರೆದು ತೋರಿಸಿದನು. ಅವರಿಗೆ ಹೇಳಿಕೊಳ್ಳುವಂಥ ಬದಲಾವಣೆಯೇನೂ ಕಾಣಲಿಲ್ಲ. ಅಣ್ಣ ಜೋನಾಥನನಿಗೆ ಮಾತ್ರ ತಮ್ಮನಿಗೆ ಕಂಡಂತೆಯೇ ಕಂಡಿತು.

ಬೇರೊಬ್ಬನಾಗಿದ್ದರೆ ನಾಚಿ ಈ ಸಂಗತಿಯನ್ನು ಮುಚ್ಚಿಡುತ್ತಿದ್ದನೇನೋ! ಡಾಲ್ಟನನು ಹಾಗೆ ಮಾಡಲಿಲ್ಲ. 1793ರಲ್ಲಿ ಮ್ಯಾಂಚೆಸ್ಟರ್ ಪಟ್ಟಣಕ್ಕೆ ಉಪಾಧ್ಯಾಯನಾಗಿ ಹೋದವನು, ಮರು ವರುಷವೇ ಅಲ್ಲಿಯ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಪಂಡಿತರ ಮುಂದೆ ತನ್ನ ದೃಷ್ಟಿಯ ಕೊರತೆಯನ್ನು ಕುರಿತು ಪ್ರಬಂಧವನ್ನೋದಿದನು. ಇತರರು ಕಾಮನಬಿಲ್ಲಿನಲ್ಲಿ ಏಳು ಬಣ್ಣಗಳನ್ನು ಎಣಿಸುವಲ್ಲಿ ತನಗೆ ಮುಖ್ಯವಾಗಿ ಹಳದಿ ಮತ್ತು ನೀಲಿ ಎಂಬ ಎರಡೇ ಕಾಣುತ್ತವೆಂದು ಒಪ್ಪಿಕೊಂಡನು. ತನ್ನ ಶಿಷ್ಯರನ್ನೂ ವಿಚಾರಿಸಿದ್ದನು. 25 ಮಂದಿಯ ಒಂದು ತರಗತಿಯಲ್ಲಿ ಇಬ್ಬರು ತನ್ನಂತೆಯೇ ನೋಡುವವರು ಸಿಕ್ಕಿದರು. ಆದರೆ ಈ ಕೊರತೆಯುಳ್ಳ ಒಬ್ಬ ಸ್ತ್ರೀಯ ವಿಷಯವನ್ನೂ ಆತನು ಕೇಳಿರಲಿಲ್ಲ. ಇದೇಕೆಂಬುದನ್ನು ಮುಂದೆ ಹೇಳುವೆವು.

ಈಗ ಬೆಳಕಿನ ವಿಷಯವನ್ನು ಸ್ವಲ್ಪ ವಿಚಾರಿಸೋಣ. ಸೂರ್ಯನ ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳ ಕಿರಣಗಳೂ ಕೂಡಿಕೊಂಡಿವೆಯೆಂದು ನ್ಯೂಟನನು ಮೂರು ಮುಖದ ಗಾಜಿನಿಂದ ಬಿಡಿಸಿ ತೋರಿಸಿ 1672ರಲ್ಲಿ ಪ್ರಕಟಿಸಿದನು. ಬೆಳಕು ಅಲೆಗಳಾಗಿ ಸಾಗುತ್ತದೆ. ಕೆಂಪಿನ ಅಲೆಗಳು ಉದ್ದವಾದವು, ನೀಲಿಯವು ಗಿಡ್ಡವಾದವು. ಹೂವು ತನ್ನ ಮೇಲೆ ಬಿದ್ದ ಕಿರಣಗಳಲ್ಲಿ ಕೆಲವನ್ನು ನುಂಗಿ ಉಳಿದವುಗಳನ್ನು ಹಿಂದಕ್ಕೆ ಕಳುಹಿಸುತ್ತದೆ. ಅವು ನಮ್ಮ ಕಣ್ಣನ್ನು ಹೊಕ್ಕು ಹಿಂಬದಿಯ ಅಕ್ಷಿಪಟಲವನ್ನು ಮುಟ್ಟುತ್ತವೆ. ಅಲ್ಲಿ ಬಣ್ಣವನ್ನು ಗುರುತಿಸುವ ಸೂಕ್ಷ್ಮ ಕಣಗಳು ಮೂರು ಬಗೆ. ಒಂದು ಬಗೆಯು ಗಿಡ್ಡ ಅಲೆಗಳಿಗೆ, ಇನ್ನೊಂದು ನಡುವಣವುಗಳಿಗೆ, ಮತ್ತೊಂದು ಉದ್ದದವುಗಳಿಗೆ ಹೆಚ್ಚಾಗಿ ಎಚ್ಚರಗೊಳ್ಳುತ್ತದೆ. ಯಾವ ಬಗೆಯು ಎಷ್ಟೆಷ್ಟು ಎಚ್ಚರಗೊಂಡಿತೆಂಬುದನ್ನು ಹೋಲಿಸಿ ನೋಡಿ ನಮ್ಮ ಮಿದುಳು ಬಣ್ಣವನ್ನು ನಿರ್ಣಯಿಸುತ್ತದೆ. ಆದುದರಿಂದ ಬಣ್ಣವೆಂಬುದು ಹೂವಿನಲ್ಲಿ ಮಾತ್ರ ಇರುವುದಲ್ಲ. ಹೂವು, ಬೆಳಕು, ಕಣ್ಣು, ಮಿದುಳು ಈ ನಾಲ್ಕೂ ಕೂಡಿ ಆಗುವಂಥದು.

ಈ ಮೂರು ಬಗೆಗಳ ವಿಚಾರವನ್ನು ತಾಮಸ್ ಯಂಗ್ ಎಂಬ ವೈದ್ಯನು 1802ರ ಸುಮಾರಿಗೆ ಊಹಿಸಿದನು. ಡಾಲ್ಟನನ ಊಹೆಯಾದರೋ ಬೇರೆ. ತನ್ನ ಕಣ್ಣಿನೊಳಗಣ ದ್ರವವು ನೀಲಿ ಗಾಜಿನಂತೆ ಬಣ್ಣವುಳ್ಳದ್ದಾಗಿ ಕೆಂಪು ಕಿರಣಗಳನ್ನು ತಡೆಯುತ್ತದೆಂದು ಆತನು ಎಣಿಸಿದನು. ಕಡೆಯವರೆಗೂ ಇದನ್ನೇ ನಂಬಿದ್ದನು. ಆದರೆ ಬದುಕಿರುವವನ ಕಣ್ಣನ್ನು ತೆರೆದು ನೋಡುವುದು ಹೇಗೆ? ಅದಕ್ಕಾಗಿ, ತಾನು ಸತ್ತ ಮೇಲೆ ತನ್ನ ಕಣ್ಣುಗಳನ್ನು ತೆಗೆದು ಪರೀಕ್ಷಿಸಬೇಕೆಂದು ಅಪ್ಪಣೆಮಾಡಿದನು.

ಇಷ್ಟರಲ್ಲಿ ಆತನ ಕೀರ್ತಿಯು ಹಬ್ಬಿತು. 1808ರಲ್ಲಿ ಪ್ರಕಟವಾಗತೊಡಗಿದ ಆತನ ರಸಾಯನ ಗ್ರಂಥದಿಂದ ಪರಮಾಣು ವಾದವು ನೆಲೆಗೊಂಡಿತು. ಒಂದು ಕಾಲಕ್ಕೆ ಆತನ ಮತಸ್ಥರಿಗೆ ಪದವಿ ಕೊಡದಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೇ 1832ರಲ್ಲಿ ಆತನಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. 1834ರಲ್ಲಿ ದೊರೆಯಾದ ನಾಲ್ಕನೆಯ ವಿಲಿಯಮನ ದರ್ಶನಕ್ಕೆ ಹೋಗಬೇಕಾದಾಗ ತೊಡಕೊಂದು ಬಂದಿತು. ಆಸ್ಥಾನದ ಉಡುಪಿನೊಡನೆ ಕತ್ತಿಯನ್ನು ಧರಿಸಬೇಕು. ಕ್ವೇಕರರು ಕತ್ತಿಯನ್ನು ಮುಟ್ಟರು. ಅದಕ್ಕೆ ಬದಲಾಗಿ ಡಾಕ್ಟರ್ ಪದವಿಯ ನಿಲುವಂಗಿಯನ್ನು ತೊಡುವುದೆಂದು ನಿಶ್ಚಯವಾಯಿತು. ಅದಾದರೋ ಕಡುಗೆಂಪು, ಥಳಥಳಿಸುವ ಬಣ್ಣಗಳನ್ನು ಬಿಟ್ಟಿದ್ದ ಆ ಪಂಗಡದವರಿಗೆ ತಕ್ಕುದಲ್ಲ. ಆದರೆ ಡಾಲ್ಟನನ ಕಣ್ಣಿಗೆ ಅದು ಮಂಕಾದ ಬಣ್ಣವಾಗಿಯೇ ಕಾಣುತ್ತಿದ್ದುದರಿಂದ ಆತನು ಯಾವ ಸಂಕೋಚವೂ ಇಲ್ಲದೆ ಅದನ್ನು ತೊಟ್ಟು ದೊರೆಯ ಮುಂದೆ ನಿಂತನು.

1844ನೆಯ ಜುಲೈ 27ರಲ್ಲಿ ಡಾಲ್ಟನನು ತೀರಿಕೊಂಡನು. ಮ್ಯಾಂಚೆಸ್ಟರಿನ ಪುರಭವನದಲ್ಲಿಟ್ಟಿದ್ದ ಆತನ ಕಳೇಬರದ ಮುಂದೆ ಸಾವಿರಾರು ಜನರು ಸಾಲಾಗಿ ನಡೆದುಹೋದರು. ಆತನ ವೈದ್ಯನಾದ ಜೋಸೆಫ್ ರಾನ್ಸಮನು ಅಪ್ಪಣೆಯಂತೆ ಕಣ್ಣುಗಳನ್ನು ತೆಗೆದು ಪರೀಕ್ಷಿಸಿದನು. ಒಳಗಣ ದ್ರವವು ನೀಲಿಯಾಗಿರಲಿಲ್ಲ; ನೀರಿನಂತೆ ತಿಳಿಯಾಗಿದ್ದಿತು. ಇನ್ನೊಂದು ಕಣ್ಣಿನ ಹಿಂಬದಿಯನ್ನು ಕತ್ತರಿಸಿ ಅದರ ಮೂಲಕ ನೋಡಲು, ಕೆಂಪು ಹಸುರು ಬಣ್ಣಗಳು ಇದ್ದಂತೆಯೇ ಕಂಡವು. ಐವತ್ತು ವರುಷ ನಂಬಿದ್ದ ಊಹೆಯು ಒಂದೇ ದಿನದಲ್ಲಿ ಸುಳ್ಳಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಒಣಗಿದ ಆ ಕಣ್ಣಿನ ಚೂರುಗಳನ್ನು ಮ್ಯಾಂಚೆಸ್ಟರಿನ ಅದೇ ಸಂಘದವರು ಕಾಪಾಡಿಕೊಂಡು ಬಂದರು. 1995ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಅವುಗಳೊಳಗಿನ ಅನುವಂಶ ದ್ರವ್ಯವನ್ನು ಪರೀಕ್ಷಿಸಿದಾಗ, ನಡುವಣ ಅಲೆಗಳನ್ನು ಗುರುತಿಸುವ ಬಗೆಯೇ ಡಾಲ್ಟನನ ಕಣ್ಣಿನಲ್ಲಿರಲಿಲ್ಲವೆಂದು ಗೊತ್ತಾಯಿತು. ಉಳಿದ ಎರಡೇ ಬಗೆಗಳು ತಕ್ಕಡಿಯ ಎರಡು ತಟ್ಟೆಗಳಂತೆ ತೂಗುತ್ತಿದ್ದವು. ಜಿರೇನಿಯಂ ಹೂವು ನೀಲಿ ಕೆಂಪು ಎರಡು ಕಿರಣಗಳನ್ನೂ ಹಿಂದಕ್ಕೆ ಕಳುಹಿಸುತ್ತದೆ. ಹಗಲಿನ ಬೆಳಕಿನಲ್ಲಿ ನೀಲಿ ಕಿರಣಗಳು ಬಹಳವಾಗಿರುವುದರಿಂದ ಆತನ ತಕ್ಕಡಿಯು ನೀಲಿಯ ಕಡೆಗೆ ವಾಲುತ್ತಿತ್ತು. ಮೇಣದ ಬತ್ತಿಯ ಬೆಳಕಿನಲ್ಲಿ ನೀಲಿ ಕಡಮೆ, ಕೆಂಪು ಹೆಚ್ಚು, ಆದುದರಿಂದ ಅದು ಇನ್ನೊಂದು ಕಡೆಗೆ ವಾಲುತ್ತಿತ್ತು. ಹೂವಿನ ಒಗಟು ಹೀಗೆ ಬಿಡಿಸಿತು.

ಸ್ತ್ರೀಯರಲ್ಲಿ ಈ ಕೊರತೆಯು ವಿರಳವೇಕೆಂಬುದೂ ಈಗ ತಿಳಿದಿದೆ. ಕೆಂಪು ಹಸುರುಗಳ ಅರಿವಿಗೆ ಕಾರಣವಾದ ಅಂಶಗಳು ಎಕ್ಸ್ ಎಂಬ ವರ್ಣತಂತುವಿನಲ್ಲಿವೆ. ಹೆಣ್ಣುಮಕ್ಕಳಿಗೆ ಅಂಥ ತಂತುಗಳು ಎರಡು. ಒಂದರಲ್ಲಿ ಲೋಪವಿದ್ದರೆ ಇನ್ನೊಂದು ಸಾಮಾನ್ಯವಾಗಿ ಅದನ್ನು ಸರಿದೂಗಿಸುತ್ತದೆ. ಗಂಡುಮಕ್ಕಳಿಗೆ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು. ಹೀಗಿರಲು ಎಲ್ಲ ಬಣ್ಣಗಳನ್ನೂ ಚೆನ್ನಾಗಿ ಕಾಣುವ ತಾಯಿಯಿಂದಲೂ ಮಗನಿಗೆ ಈ ಕೊರತೆಯು ಬರಬಹುದು. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಮಗನ ತಪ್ಪೂ ಇಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ಬಾಲಕನೊಬ್ಬನು ಎಲೆಗೆ ಕಂದು ಬಣ್ಣವನ್ನು ಬಳಿದರೆ, ಕಾಯಿಯನ್ನು ಹಣ್ಣೆಂದು ಕಿತ್ತು ತಂದರೆ, ಅವನನ್ನು ಮೂಢನೆಂದೋ ಹಟಮಾರಿಯೆಂದೋ ಗದರಿಸುವ ಮುನ್ನ ಡಾಲ್ಟನನನ್ನು ನೆನೆಯಿರಿ. ಜಪಾನಿನ ವೈದ್ಯನಾದ ಇಶಿಹಾರನು 1917ರಲ್ಲಿ ಪ್ರಕಟಿಸಿದ ಚುಕ್ಕೆಗಳ ಚಿತ್ರಗಳಿಂದ ಕಣ್ಣಿನ ವೈದ್ಯರು ಇದನ್ನು ಕೆಲವೇ ನಿಮಿಷಗಳಲ್ಲಿ ಕಂಡುಹಿಡಿಯಬಲ್ಲರು. ಈ ಕೊರತೆಯುಳ್ಳ ಬಡ ಉಪಾಧ್ಯಾಯನೊಬ್ಬನು ಲೋಕದ ಪಂಡಿತರ ಸಾಲಿನಲ್ಲಿ ನಿಂತನೆಂಬುದನ್ನು ಮಗುವಿಗೂ ತಿಳಿಸಿರಿ.

ಡಾಲ್ಟನನು ತನ್ನ ಕಣ್ಣಿನ ವಿಷಯದಲ್ಲಿ ಮಾಡಿದ ಊಹೆಯು ತಪ್ಪು. ಆದರೆ ತನ್ನ ಊಹೆಯನ್ನು ಪರೀಕ್ಷಿಸುವ ಉಪಾಯವನ್ನು ತಾನೇ ಇತರರ ಕೈಗೊಪ್ಪಿಸಿ ಹೋದುದರಿಂದ, ಆತನು ಕಾಣಲಾರದೆ ಹೋದ ನಿಜವು 151 ವರುಷಗಳ ಮೇಲೆ ಆತನ ಕಣ್ಣಿನಿಂದಲೇ ಹೊರಬಂದಿತು. ತಾನು ಕಂಡದ್ದೇ ನಿಜವೆಂದು ಹಟಹಿಡಿಯದೆ, ಇನ್ನೊಬ್ಬರಿಗೆ ಹೇಗೆ ಕಾಣುತ್ತದೆಂದು ವಿಚಾರಿಸುವ ಈ ವಿನಯವನ್ನು ನಮ್ಮ ಹೆಣ್ಣುಮಕ್ಕಳು ಆತನಿಂದ ಕಲಿಯಲೆಂದು ಹಾರೈಸುತ್ತೇವೆ.